ಸಣ್ಣ ಮಿಲ್ಲಿಂಗ್ ಮಷೀನಿಗೆ ಪವರ್ ಫೀಡ್: ವೈಪರ್ ಮೋಟಾರ್ ಸಾಕಾ, ಸ್ಟೆಪ್ಪರೇ ಬೇಕಾ?

ಹಿರೇಹಳ್ಳಿ ವರ್ಕ್‌ಶಾಪ್

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹಿರೇಹಳ್ಳಿ ಕಡೆ ನಂದೊಂದು ಸಣ್ಣ ಶೆಡ್ ಇದೆ. ಒಂದು ಲೇತು, ಒಂದು ಬೆಂಚ್ ಮಿಲ್ಲಿಂಗ್ ಮಷೀನು. ಮಿಲ್ಲಿಂಗಿಗೆ ವಿಎಫ್‌ಡಿ (ತ್ರೀ ಫೇಸ್ ಮೋಟಾರನ್ನ ಸ್ಪೀಡ್ ಬದಲಾಯಿಸಿ ಓಡಿಸೋ ಡ್ರೈವ್) ಹಾಕಿ ಸಿಂಗಲ್ ಫೇಸಲ್ಲೇ ಓಡಿಸ್ತಿದ್ದೀನಿ. ಉದ್ದಕ್ಕೆ ಟೇಬಲ್ ಓಡಾಟ 450 ಮಿ.ಮೀ., ಹ್ಯಾಂಡಲ್ ಒಂದು ಸುತ್ತಿಗೆ 4 ಮಿ.ಮೀ.

ಈಗ ಕೆಲಸ ಜಾಸ್ತಿ ಬರ್ತಿರೋದು ಅಡಿಕೆ ಸುಲಿಯೋ ಮಷೀನಿನ ಸೈಡ್ ಪ್ಲೇಟುಗಳದ್ದು. ಒಂದೊಂದಕ್ಕೂ 300 ಮಿ.ಮೀ. ಉದ್ದದ ಸ್ಲಾಟು. ಕೈಯಲ್ಲಿ ತಿರುಗಿಸಿ ತಿರುಗಿಸಿ ಮಣಿಕಟ್ಟು ಹಿಡ್ಕೊಳ್ಳುತ್ತೆ. ಅದಾದ್ರೂ ಹೋಗ್ಲಿ, ಹಿಡಿ ಬದಲಾಯಿಸೋಕೆ ಕೈ ಒಂದು ಕ್ಷಣ ನಿಂತ ಜಾಗದಲ್ಲೆಲ್ಲ ಜಾಬ್ ಮೇಲೆ ಅಡ್ಡಗೆರೆ ಬೀಳುತ್ತೆ. ಉಗುರಿಗೇ ಸಿಗುತ್ತೆ, ಪೇಂಟ್ ಹೊಡೆದ್ರೂ ಕಾಣುತ್ತೆ. ರೆಡಿಮೇಡ್ ಪವರ್ ಫೀಡ್, ಅಂದ್ರೆ ಟೇಬಲ್ಲನ್ನ ಮೋಟಾರಲ್ಲಿ ಒಂದೇ ಸಮ ಓಡಿಸೋ ಸೆಟ್ಟು, ವಿಚಾರಿಸಿದೆ. ಅವೆಲ್ಲ ದೊಡ್ಡ ಟರೆಟ್ ಮಷೀನಿಗೆ ಅಂತ ಮಾಡಿದವು, ನನ್ನ ಟೇಬಲ್ಲಿನ ತುದಿಗೆ ಕೂರೋದಿಲ್ಲ. ನಾನೇ ಮಾಡ್ಕೊಳ್ಳೋಣ ಅಂತ. ಕಾರಿನ ವೈಪರ್ ಮೋಟಾರ್ ಸಾಕಾ, ಇಲ್ಲ ಸ್ಟೆಪ್ಪರ್ (ಪಲ್ಸಿಗೊಂದು ಹೆಜ್ಜೆ ತಿರುಗೋ ಮೋಟಾರ್) ಹಾಕ್ಲೇಬೇಕಾ? ಮಾಡಿ ನೋಡಿದವರು ಹೇಳಿ.

ಗುಜರಿ ಗುರು

ವೈಪರ್ ಮೋಟಾರ್ ಕಣಣ್ಣ, ಇನ್ನೊಂದು ಮಾತಿಲ್ಲ. ಶಿರಾ ಗೇಟ್ ಕಡೆ ಗುಜರೀಲಿ ಬೇಕಾದಷ್ಟು ಸಿಗುತ್ತೆ. ಕಾರಿಂದು 12 ವೋಲ್ಟು, ಲಾರಿದು 24. ಒಳಗೇ ವರ್ಮ್ ಗೇರ್ ಇರೋದ್ರಿಂದ ಬೇರೆ ಗೇರ್‌ಬಾಕ್ಸ್ ಬೇಕಿಲ್ಲ. ಲೋ ಸ್ಪೀಡಲ್ಲಿ ನಿಮಿಷಕ್ಕೆ ನಲವತ್ತು ಚಿಲ್ಲರೆ ಸುತ್ತು, ಹೈನಲ್ಲಿ ಅರವತ್ತರ ಆಸುಪಾಸು. ಸ್ಪೀಡ್ ಏರಿಸಿ ಇಳಿಸೋಕೆ ಒಂದು ಪಿಡಬ್ಲ್ಯೂಎಂ ಕಂಟ್ರೋಲರ್, ಮುಂದೆ-ಹಿಂದೆಗೆ ಒಂದು ಸ್ವಿಚ್, ಎರಡು ಎಂ.ಎಸ್. (ಮೈಲ್ಡ್ ಸ್ಟೀಲ್) ಪ್ಲೇಟು, ಮುಗೀತು. ಹಳೇ ಕಾರ್ ಬ್ಯಾಟರಿ ಇದ್ರೆ ಪವರ್ ಸಪ್ಲೈ ಖರ್ಚೂ ಉಳೀತು.

ಒಂದು ನೆನಪಿಟ್ಕೊಳ್ಳಿ. ಬಹಳ ವೈಪರ್ ಮೋಟಾರುಗಳಲ್ಲಿ ಮೈನಸ್ ಬ್ರಷ್ ನೇರ ಬಾಡಿಗೇ ಕೊಟ್ಟಿರ್ತಾರೆ. ಹಾಗೇ ಮಷೀನಿಗೆ ಬೋಲ್ಟ್ ಮಾಡಿ ಪ್ಲಸ್ ಮೈನಸ್ ತಿರುಗಿಸಿದ್ರೆ ಮಷೀನಿನ ಮೈಗೆಲ್ಲ ಪ್ಲಸ್ ಬರುತ್ತೆ, ಎಲ್ಲೋ ಒಂದ್ಕಡೆ ಶಾರ್ಟ್ ಆಗುತ್ತೆ. ಮುಚ್ಚಳ ಬಿಚ್ಚಿ ಆ ಬ್ರಷ್ಷಿನ ವೈರನ್ನ ಬಾಡಿಯಿಂದ ಬಿಡಿಸಿ ಬೇರೆ ವೈರ್ ಹೊರಗೆ ತನ್ನಿ. ಮೂರನೇ ಬ್ರಷ್ ಹೈ ಸ್ಪೀಡಿಗೆ ಅಂತ ಓರೆಯಾಗಿ ಕೂತಿರುತ್ತೆ, ರಿವರ್ಸ್ ಓಡಿಸೋಕೆ ಅದನ್ನ ಮುಟ್ಟಬೇಡಿ.

ಮಾಲೂರು ಪಲ್ಸ್

ಗುರು, ಬ್ರಷ್ ವಿಚಾರ ಸರಿಯಾಗಿ ಹೇಳಿದ್ರಿ. ಆದರೆ ಮೊದಲು ಎಷ್ಟು ಸ್ಪೀಡ್ ಬೇಕು ಅಂತ ಲೆಕ್ಕ ಹಾಕೋಣ.

10 ಮಿ.ಮೀ. ನಾಲ್ಕು ಹಲ್ಲಿನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಎಂಡ್ ಮಿಲ್ ಕಟ್ಟರ್, ಜಾಬ್ ಎಂ.ಎಸ್. ಕಟಿಂಗ್ ಸ್ಪೀಡ್ ನಿಮಿಷಕ್ಕೆ 25 ಮೀಟರ್ ಹಿಡಿದರೆ ಸ್ಪಿಂಡಲ್ 800 ಆರ್‌ಪಿಎಂ. ಹಲ್ಲಿಗೆ 0.04 ಮಿ.ಮೀ. ಅಂದ್ರೆ 4 × 0.04 × 800, ಅಂದಾಜು 128 ಮಿ.ಮೀ./ನಿಮಿಷ. ಅಣ್ಣನ ಸ್ಕ್ರೂ 4 ಮಿ.ಮೀ. ಲೆಕ್ಕಕ್ಕೆ 32 ಸುತ್ತು. ಸಣ್ಣ ಮಷೀನು, ಹಲ್ಲಿಗೆ 0.02 ಕೊಟ್ರೆ 16 ಸುತ್ತು. ಫ್ಲೈ ಕಟ್ಟರ್ ಹಾಕಿ 500 ಆರ್‌ಪಿಎಂನಲ್ಲಿ ಫೇಸ್ ಹೊಡೆಯೋವಾಗ ಒಂದೇ ಟೂಲು, ಸುತ್ತಿಗೆ 0.06, ಅಂದ್ರೆ 30 ಮಿ.ಮೀ./ನಿಮಿಷ. ಅದಕ್ಕೆ ಏಳೂವರೆ ಸುತ್ತು ಮಾತ್ರ!

ವೈಪರ್ ಮೋಟಾರ್ ಸೋಲೋದು ಇಲ್ಲೇ. ಏಳೆಂಟು ಸುತ್ತಿಗೆ ಇಳಿಸಬೇಕು ಅಂದ್ರೆ ಪಿಡಬ್ಲ್ಯೂಎಂ ತೀರಾ ಕೆಳಗೆ ಬರಬೇಕು. ಅಲ್ಲಿ ಲೋಡ್ ಸ್ವಲ್ಪ ಏರಿದ್ರೆ ನಿಧಾನ ಆಗುತ್ತೆ, ನಿಲ್ಲುತ್ತೆ, ಲೋಡ್ ಇಳಿದ ತಕ್ಷಣ ಜಿಗಿಯುತ್ತೆ. ಕೈಯಲ್ಲಿ ಬೀಳ್ತಿದ್ದ ಗೆರೆ ಈಗ ಮೋಟಾರ್ ಹಾಕುತ್ತೆ. ಮೇಲ್ಗಡೆನೂ ಅಷ್ಟೇ, 60 ಸುತ್ತು ಅಂದ್ರೆ 240 ಮಿ.ಮೀ., ಪೂರ್ತಿ ಟೇಬಲ್ ವಾಪಸ್ ತರೋಕೆ ಎರಡು ನಿಮಿಷದ ಹತ್ತಿರ. ಸ್ಟೆಪ್ಪರಿಗೆ ಇದ್ಯಾವ ತೊಂದರೆನೂ ಇಲ್ಲ, ಕೊಟ್ಟ ಪಲ್ಸಿಗೆ ಅಷ್ಟೇ ತಿರುಗುತ್ತೆ.

ಗುಜರಿ ಗುರು

ಏಳು ಸುತ್ತು ಬೇಕಾದ್ರೆ ಚೈನ್ ಸ್ಪ್ರಾಕೆಟ್ ಹಾಕಿ ಅರ್ಧ ಮಾಡ್ಕೊಂಡ್ರಾಯ್ತು. ನಾನು ಓಡಿಸ್ತಿದ್ದೀನಲ್ಲ ಸ್ವಾಮಿ, ಸ್ಲಾಟ್ ಹೊಡೆಯೋಕೆ ಏನೂ ತೊಂದರೆ ಇಲ್ಲ.

ಚಿಂತಾಮಣಿ ಸಿಎನ್‌ಸಿ

ಇಷ್ಟೆಲ್ಲ ಯಾಕೆ? ಮೂರು ಆಕ್ಸಿಸ್ಸಿಗೂ ಸ್ಟೆಪ್ಪರ್ ಹಾಕಿ ಸಿಎನ್‌ಸಿ (ಕಂಪ್ಯೂಟರ್ ಓಡಿಸೋ ಮಷೀನು) ಮಾಡ್ಕೊಳ್ಳಿ. ಒಂದು ಆಕ್ಸಿಸ್ಸಿಗೆ ಮಾಡೋ ಕಷ್ಟದಲ್ಲಿ ಮೂರೂ ಆಗುತ್ತೆ.

ಹಿರೇಹಳ್ಳಿ ವರ್ಕ್‌ಶಾಪ್

ಆಗಲ್ಲ ಸಾರ್. ನನ್ನ ಸ್ಕ್ರೂನಲ್ಲಿ ಕಾಲು ಮಿ.ಮೀ. ಪ್ಲೇ (ಸಡಿಲ) ಇದೆ, ಸಿಎನ್‌ಸಿ ಅಂದ್ರೆ ಬಾಲ್ ಸ್ಕ್ರೂನಿಂದ ಶುರು ಮಾಡಬೇಕು. ನನಗೆ ಬೇಕಾಗಿರೋದು ಹ್ಯಾಂಡಲ್ ತಿರುಗಿಸೋ ಒಬ್ಬ ಆಳು ಅಷ್ಟೇ.

ಕೆಜಿಎಫ್ ಟರ್ನರ್ ತಾತ

ಎಲ್ಲರದ್ದೂ ಓದಿದೆ. ಮೋಟಾರ್ ಯಾವುದು ಅನ್ನೋದಕ್ಕೆ ಇಷ್ಟು ಜಗಳ ಬೇಡ, ಎರಡರಲ್ಲೂ ಆಗುತ್ತೆ. ಅದಕ್ಕಿಂತ ಮುಖ್ಯವಾದ್ದು ಒಂದನ್ನ ಯಾರೂ ಕೇಳಿಲ್ಲ: ಸ್ಪಿಂಡಲ್ ನಿಂತಾಗ ನಿಮ್ಮ ಫೀಡ್ ಏನು ಮಾಡುತ್ತೆ?

ಗುಜರಿ ಗುರು ಬ್ಯಾಟರಿ ಅಂದರು. ಕಟ್ ನಡೀತಿದೆ, ಕರೆಂಟ್ ಹೋಯ್ತು ಅನ್ಕೊಳ್ಳಿ. ಸ್ಪಿಂಡಲ್ ನಿಲ್ಲುತ್ತೆ. ಬ್ಯಾಟರಿಗೆ ಕರೆಂಟ್ ಹೋಗಿದ್ದು ಗೊತ್ತಿಲ್ಲ, ಅದು ಟೇಬಲ್ಲನ್ನ ತಳ್ತಾನೇ ಇರುತ್ತೆ. ನಿಂತ ಕಟ್ಟರಿಗೆ ಜಾಬ್ ಬಂದು ಒತ್ತುತ್ತೆ. ಎಂಡ್ ಮಿಲ್ ಕಟ್ ಅಂತ ಹೋದ್ರೆ ಪುಣ್ಯ, ಇಲ್ಲಾಂದ್ರೆ ಜಾಬ್ ವೈಸಿನಿಂದ ಕಿತ್ಕೊಂಡು ಬರುತ್ತೆ. ನಮ್ಮ ಕೆಜಿಎಫ್‌ಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು. ಆ ಹೆಮ್ಮೆ ಇಟ್ಕೊಂಡೇ ಹೇಳ್ತೀನಿ, ಈ ಕಡೆ ಯಾವ ಊರಲ್ಲೂ ಕರೆಂಟ್ ನಂಬಿ ಕೆಲಸಕ್ಕೆ ಇಳೀಬೇಡಿ.

ಗಣಿ 2001ರಲ್ಲಿ ಮುಚ್ಚೋವರೆಗೂ ಅಲ್ಲಿನ ವರ್ಕ್‌ಶಾಪಿನಲ್ಲೇ ಇದ್ದವನು ನಾನು. ದೊಡ್ಡ ಮಿಲ್ಲಿಂಗ್ ಮಷೀನುಗಳಲ್ಲಿ ಸ್ಪಿಂಡಲ್ ತಿರುಗದೆ ಫೀಡ್ ಹಿಡಿಯೋದೇ ಇಲ್ಲ, ಹಾಗೆ ಮಾಡಿರ್ತಾರೆ. ಮನೇಲಿ ಮಾಡೋವಾಗಲೂ ಅದನ್ನೇ ಮೊದಲು ಮಾಡಿ. ಫೀಡಿನ ಸಪ್ಲೈ ಸ್ಪಿಂಡಲ್ಲಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಟ್ಟು ಬಿಡಿಸೋ ಸ್ವಿಚ್) ಆದ್ಮೇಲಿಂದ ಬರಲಿ. ಸ್ಪಿಂಡಲ್ ಸತ್ತರೆ ಫೀಡೂ ಸಾಯಬೇಕು. ಕರೆಂಟ್ ವಾಪಸ್ ಬಂದಾಗ ಯಾವುದೂ ತಾನಾಗಿ ಶುರುವಾಗಬಾರದು, ಹಸಿರು ಬಟನ್ ಒತ್ತಿದ್ರೆ ಮಾತ್ರ.

ಮಾಲೂರು ಪಲ್ಸ್

ತಾತ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಇವರದ್ದು ವಿಎಫ್‌ಡಿ ಮಷೀನು, ಕಾಂಟ್ಯಾಕ್ಟರ್ ಒಂದೇ ಸಾಲದು. ಓವರ್‌ಲೋಡ್ ಆಗಿ ವಿಎಫ್‌ಡಿ ಟ್ರಿಪ್ ಆದಾಗ ಮೇನ್ ಕರೆಂಟ್ ಇದ್ದೇ ಇರುತ್ತೆ, ಸ್ಪಿಂಡಲ್ ಮಾತ್ರ ನಿಂತಿರುತ್ತೆ. ಹೆವಿ ಕಟ್ಟಿನಲ್ಲೇ ಟ್ರಿಪ್ ಆಗೋದು, ಫೀಡ್ ನಿಲ್ಲಲೇಬೇಕಾದ ಹೊತ್ತೂ ಅದೇ. ಬಹಳ ವಿಎಫ್‌ಡಿಗಳಲ್ಲಿ ಒಂದು ರಿಲೇ ಔಟ್‌ಪುಟ್ ಇರುತ್ತೆ. ಕಂಪನಿಯಿಂದ ಬರೋವಾಗ ಸಾಮಾನ್ಯವಾಗಿ ಅದು ಫಾಲ್ಟಿಗೆ ಸೆಟ್ ಆಗಿರುತ್ತೆ. ಮ್ಯಾನುಯಲ್ ನೋಡಿ ‘ರನ್’ಗೆ ಬದಲಾಯಿಸಿ. ಆ ಕಾಂಟ್ಯಾಕ್ಟ್ ಮುಚ್ಚಿದ್ದಾಗ ಮಾತ್ರ ಫೀಡ್ ಓಡಲಿ.

ಸ್ಟೆಪ್ಪರ್ ಹಾಕೋರು ಇದನ್ನ ಡ್ರೈವರಿನ ಎನೇಬಲ್ ಪಿನ್ನಿಗೆ ಕೊಡ್ತಾರೆ. ಬೇಡ. ಸಾಮಾನ್ಯವಾಗಿ ಸಿಗೋ ಡ್ರೈವರುಗಳಲ್ಲಿ ಎನೇಬಲ್ ಪಿನ್ನಿಗೆ ಏನೂ ಕೊಡದಿದ್ರೆ ಮೋಟಾರ್ ಆನ್ ಅಂತ ಲೆಕ್ಕ. ವೈರ್ ಕಿತ್ತು ಹೋದ್ರೆ ಫೀಡ್ ನಿಲ್ಲೋ ಬದಲು ಓಡ್ತಾನೇ ಇರುತ್ತೆ, ಉಲ್ಟಾ ಆಯ್ತಲ್ಲ. ಪಲ್ಸಿಗೆ ಹೋಗೋ 5 ವೋಲ್ಟ್ ಲೈನನ್ನೇ ಆ ರಿಲೇ ಕಾಂಟ್ಯಾಕ್ಟ್ ಮೂಲಕ ಕೊಡಿ. ಕಾಂಟ್ಯಾಕ್ಟ್ ಬಿಟ್ರೂ, ವೈರ್ ಕಿತ್ರೂ ಪಲ್ಸ್ ಇಲ್ಲ, ಟೇಬಲ್ ನಿಂತಲ್ಲೇ ನಿಲ್ಲುತ್ತೆ.

ಗುಜರಿ ಗುರು

ತಾತ, ಬ್ಯಾಟರಿ ಮಾತು ವಾಪಸ್ ತಗೊಂಡೆ. ಮೋಟಾರ್ ಮಾತು ವಾಪಸ್ ತಗೊಳ್ಳಲ್ಲ 😄

ಗೌರಿಬಿದನೂರು ಐಟಿಐ

ನಾನು ಮೆಷಿನಿಸ್ಟ್ ಟ್ರೇಡ್ ಓದ್ತಿದ್ದೀನಿ. ಒಂದು ಡೌಟು. ಸ್ಪಿಂಡಲ್ ಓಡದೆ ಫೀಡ್ ಓಡಲ್ಲ ಅಂದ್ರೆ ಜಾಬ್ ಸೆಟ್ ಮಾಡೋವಾಗ, ಡಯಲ್ ಗೇಜ್ ಹಾಕಿ ವೈಸ್ ನೇರ ಮಾಡೋವಾಗ ಟೇಬಲ್ ಹೇಗೆ ಓಡಿಸೋದು?

ಕೆಜಿಎಫ್ ಟರ್ನರ್ ತಾತ

ಒಳ್ಳೇ ಪ್ರಶ್ನೆ ತಮ್ಮ. ವೈಸ್ ನೇರ ಮಾಡೋಕೆ ಕೈ ಹ್ಯಾಂಡಲ್ಲೇ ಸರಿ. ಮೋಟಾರಲ್ಲೇ ಬೇಕು ಅಂದ್ರೆ ಸ್ಪ್ರಿಂಗ್ ಬಟನ್ ಒಂದು ಇಡಿ, ಬೆರಳು ಒತ್ತಿರೋವರೆಗೆ ಮಾತ್ರ ಓಡಬೇಕು. ಲಾಕ್ ಆಗೋ ಸ್ವಿಚ್ ಅಲ್ಲಿ ಬೇಡ.

ಹಿರೇಹಳ್ಳಿ ವರ್ಕ್‌ಶಾಪ್

ತಾತ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಸರಿ, ಸ್ಟೆಪ್ಪರ್ ಕಡೆಗೇ ಮನಸ್ಸು ವಾಲ್ತಿದೆ. ಪಲ್ಸ್ ಸಾರ್, ಯಾವ ಸೈಜು? ನೇಮಾ 23 ಅನ್ನೋ ಸೈಜಿನ ಮೋಟಾರಲ್ಲಿ 10 ಕೆ.ಜಿ.-ಸೆಂ.ಮೀ. ಟಾರ್ಕಿಂದೂ ಇದೆ, 19ರದ್ದೂ ಇದೆ. ನೇರ ಕಪ್ಲಿಂಗ್ ಹಾಕ್ಲಾ, ಬೆಲ್ಟಾ?

ಮಾಲೂರು ಪಲ್ಸ್

ಕಟ್ಟಿಂಗೂ ಗಿಬ್ಬಿನ (ಟೇಬಲ್ ಜಾರೋ ಜಾಗ ಬಿಗಿ ಮಾಡೋ ಪಟ್ಟಿ) ಘರ್ಷಣೆಯೂ ಸೇರಿ 50 ಕೆ.ಜಿ. ತಳ್ಳಬೇಕು ಅಂತ ಹಿಡೀರಿ, ಸರಿಸುಮಾರು 500 ನ್ಯೂಟನ್. 4 ಮಿ.ಮೀ. ಸ್ಕ್ರೂ, ಆಕ್ಮೆ ಥ್ರೆಡ್, ಎಫಿಶಿಯೆನ್ಸಿ 25 ಪರ್ಸೆಂಟ್ ಅಂದ್ರೆ ಸ್ಕ್ರೂ ತಿರುಗಿಸೋಕೆ 1.27 ನ್ಯೂಟನ್-ಮೀಟರ್, ಅಂದ್ರೆ 13 ಕೆ.ಜಿ.-ಸೆಂ.ಮೀ. 19 ಅಂತ ಬರೆದಿರೋದು ಮೋಟಾರ್ ನಿಂತಾಗಿನ ಹೋಲ್ಡಿಂಗ್ ಟಾರ್ಕ್, ಓಡೋವಾಗ ಅಷ್ಟು ಸಿಗಲ್ಲ, ಸ್ಪೀಡ್ ಏರಿದಷ್ಟೂ ಇಳೀತಾ ಹೋಗುತ್ತೆ. ಹಾಗಾಗಿ ನೇರ ಕಪ್ಲಿಂಗ್ ಬೇಡ. ಮೋಟಾರಿಗೆ 20 ಹಲ್ಲು, ಸ್ಕ್ರೂಗೆ 40 ಹಲ್ಲು, 5ಎಂ (5 ಮಿ.ಮೀ. ಪಿಚ್) ಹಲ್ಲಿನ ಬೆಲ್ಟು, 15 ಮಿ.ಮೀ. ಅಗಲದ್ದು. ಮೋಟಾರಿಗೆ ಬೀಳೋದು ಆರೂವರೆ ಮಾತ್ರ. 3ಡಿ ಪ್ರಿಂಟರಿನ ಸಣ್ಣ ಬೆಲ್ಟ್ ತಗೋಬೇಡಿ. ಬೆಲ್ಟಿಗೆ ಶೀಟಿನ ಕವರ್ ಹಾಕಿ, ಒಂದು ಚಿಪ್ಸು ಹಲ್ಲಿನ ಮಧ್ಯೆ ಕೂತ್ರೂ ಬೆಲ್ಟ್ ಹಾರುತ್ತೆ.

ಸಪ್ಲೈ 24ಕ್ಕಿಂತ 36 ವೋಲ್ಟ್ ಒಳ್ಳೇದು, ವಾಪಸ್ ಬರೋ ರಾಪಿಡ್ಡಿನಲ್ಲಿ (ಕಟ್ ಇಲ್ಲದ ಜೋರು ಓಟ) ಟಾರ್ಕ್ ಉಳಿಯುತ್ತೆ. ಡ್ರೈವರ್ ಅದನ್ನ ತಡೆಯುತ್ತಾ ಅಂತ ಮಾತ್ರ ನೋಡ್ಕೊಳ್ಳಿ. ಮೈಕ್ರೋಸ್ಟೆಪ್ (ಒಂದೊಂದು ಹೆಜ್ಜೆಯನ್ನ ಸಣ್ಣದಾಗಿ ಒಡೆಯೋದು) ಸುತ್ತಿಗೆ 1600 ಇಡಿ. ಫುಲ್ ಸ್ಟೆಪ್ಪಿನಲ್ಲಿ ನಿಧಾನಕ್ಕೆ ಓಡಿಸಿದ್ರೆ ಮೋಟಾರ್ ಗುರ್ ಅನ್ನುತ್ತೆ, ಆ ನಡುಕ ಫಿನಿಶ್‌ನಲ್ಲಿ ಸಣ್ಣ ಅಲೆಯಾಗಿ ಕಾಣುತ್ತೆ.

ಪಲ್ಸ್ ಕೊಡೋಕೆ ಆರ್ಡುಯಿನೋ ಉನೋ ಬೋರ್ಡ್ ಹಾಕಿದ್ರೆ ಒಂದು ಗಮನ. ನಿಮಿಷಕ್ಕೆ 800 ಮಿ.ಮೀ. ರಾಪಿಡ್ ಬೇಕು ಅಂದ್ರೆ ಸ್ಕ್ರೂ 200 ಸುತ್ತು, ಮೋಟಾರ್ 400, ಸೆಕೆಂಡಿಗೆ ಹತ್ತು ಸಾವಿರದ ಮೇಲೆ ಪಲ್ಸು. ಎಲ್ಲರೂ ಬಳಸೋ ಆಕ್ಸೆಲ್‌ಸ್ಟೆಪ್ಪರ್ ಲೈಬ್ರರಿ ಉನೋ ಮೇಲೆ ನಾಲ್ಕು ಸಾವಿರದ ಹತ್ತಿರ ಸುಸ್ತಾಗುತ್ತೆ. ಹಾರ್ಡ್‌ವೇರ್ ಟೈಮರಿನಿಂದ ಪಲ್ಸ್ ಕೊಡಿ, ಇಲ್ಲಾ ಇಎಸ್‌ಪಿ32 ತಗೊಳ್ಳಿ. ಕೋಡ್ ಬರದವರು 555 ಐಸಿಯಲ್ಲೂ ಮಾಡಬಹುದು. ಆದರೆ ಅದರಲ್ಲಿ ನಿಧಾನಕ್ಕೆ ಸ್ಪೀಡ್ ಏರಿಸೋ ಏರ್ಪಾಡು ಇರಲ್ಲ. ಒಮ್ಮೆಲೇ ರಾಪಿಡ್ ಒತ್ತಿದ್ರೆ ಮೋಟಾರ್ ಕಿರುಚಿ ನಿಂತ್ಬಿಡುತ್ತೆ.

ಚಿಂತಾಮಣಿ ಸಿಎನ್‌ಸಿ

ವಿಎಫ್‌ಡಿಯ ಮೋಟಾರ್ ಕೇಬಲ್ ಪಕ್ಕದಲ್ಲೇ ಪಲ್ಸ್ ವೈರ್ ಎಳೀಬೇಡಿ. ಸ್ಪಿಂಡಲ್ ಆನ್ ಮಾಡಿದ ಕೂಡಲೇ ಟೇಬಲ್ ತಾನೇ ತೆವಳೋಕೆ ಶುರು ಮಾಡಿದ್ದು ನೋಡಿದ್ದೀನಿ. ಶೀಲ್ಡ್ ಕೇಬಲ್ ಹಾಕಿ, ಶೀಲ್ಡನ್ನ ಕಂಟ್ರೋಲ್ ಬಾಕ್ಸ್ ಕಡೆ ಒಂದೇ ತುದೀಲಿ ಅರ್ಥ್ ಮಾಡಿ.

ಶಿರಾ ರೋಡ್ ಫಿಟ್ಟರ್

ಕ್ಲಚ್ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲವಲ್ಲ? ಗುರುಗಳ ವೈಪರಲ್ಲಿ ವರ್ಮ್ ಇದೆ, ಹ್ಯಾಂಡಲ್ ಕಡೆಯಿಂದ ತಿರುಗಿಸೋಕೇ ಆಗಲ್ಲ. ಸ್ಟೆಪ್ಪರ್ ಕರೆಂಟ್ ತೆಗೆದ್ರೆ ತಿರುಗುತ್ತೆ ಅಂತಾರೆ, ತಿರುಗುತ್ತೆ, ಆದರೆ ಕೈಗೆ ಟಕ ಟಕ ಅಂತ ಹಲ್ಲು ಹಲ್ಲಾಗಿ ಸಿಗುತ್ತೆ. ಫೈನ್ ಸೆಟ್ಟಿಂಗ್ ಮಾಡೋವಾಗ ಕಿರಿಕಿರಿ. ಇನ್ನೊಂದು, ಬೆಲ್ಟ್ ಸೇರಿದ್ದಾಗ ಹ್ಯಾಂಡಲ್ ಜೋರಾಗಿ ತಿರುಗಿಸಿ ನೋಡಿ, ಸ್ವಿಚ್ ಆಫ್ ಇರೋ ಡ್ರೈವರಿನ ಲೈಟ್ ಮಿಣುಕುತ್ತೆ. ಮೋಟಾರ್ ಜನರೇಟರ್ ಆಗಿ ಡ್ರೈವರಿಗೇ ಕರೆಂಟ್ ತಳ್ಳುತ್ತೆ, ಡ್ರೈವರಿಗೆ ಒಳ್ಳೇದಲ್ಲ.

ನಾನು ಮಾಡಿರೋದು ಡಾಗ್ ಕ್ಲಚ್, ಬೇಕಾದಾಗ ಸೇರಿಸಿ ಬಿಡಿಸೋ ಜೋಡಣೆ. ಟೇಬಲ್ಲಿನ ಎಡ ತುದೀಲಿ ಸ್ಕ್ರೂ ಹೊರಗೆ ಬರೋ ಹಾಗೆ ಒಂದು ಎಕ್ಸ್‌ಟೆನ್ಷನ್ ಶಾಫ್ಟ್ ಸೇರಿಸಿದ್ದೀನಿ. ಅದರ ಮೇಲೆ 40 ಹಲ್ಲಿನ ಪುಲ್ಲಿ ಗನ್‌ಮೆಟಲ್ ಬುಶ್ಶಿನಲ್ಲಿ ಬಿಡಿಯಾಗಿ ತಿರುಗುತ್ತೆ. ಪುಲ್ಲಿಯ ಮುಖಕ್ಕೆ 8 ಮಿ.ಮೀ.ನ ಎರಡು ಡೋವೆಲ್ ಪಿನ್ನು, ಎದುರೆದುರು. ಪಕ್ಕದಲ್ಲಿ ಕೀ ಮೇಲೆ ಜಾರೋ ಒಂದು ಸ್ಲೀವು, ಅದರ ಮುಖದಲ್ಲಿ ಎರಡು ಗಾಡಿ, ಅಂದ್ರೆ ಪಿನ್ ಕೂರೋ ಸೀಳು. ಗಾಡಿ ಪಿನ್ನಿಗಿಂತ ಎರಡು ಮಿ.ಮೀ. ಅಗಲ ಇರಲಿ, ಬಾಯಿಗೆ ಚ್ಯಾಂಫರ್ ಹೊಡೀರಿ, ಇಲ್ಲಾಂದ್ರೆ ಕೂರೋಕೆ ಸತಾಯಿಸುತ್ತೆ. ಸ್ಲೀವಿನೊಳಗೆ 6 ಮಿ.ಮೀ. ಬಾಲು, ಹಿಂದೆ ಸ್ಪ್ರಿಂಗು. ಶಾಫ್ಟಲ್ಲಿ ಎರಡು ಗುಳಿ ಹಾಕಿದ್ರೆ ಒಳಗೆ-ಹೊರಗೆ ಎರಡೂ ಕಡೆ ಟಕ್ ಅಂತ ಹಿಡಿಯುತ್ತೆ. ಸ್ಲೀವ್ ಇಎನ್8 ಸ್ಟೀಲಿನಲ್ಲಿ ಮಾಡಿ, ಎಂ.ಎಸ್.ನಲ್ಲಿ ಮಾಡಿದ್ರೆ ಗಾಡಿ ಬಾಯಿ ಬೇಗ ಸವೆಯುತ್ತೆ. ಬಲಗಡೆ ಹ್ಯಾಂಡಲ್ಲೂ ಡಯಲ್ಲೂ ಇದ್ದ ಹಾಗೇ ಇರುತ್ತೆ, ಅದನ್ನ ಮುಟ್ಟೋದೇ ಬೇಡ.

ಕೆಜಿಎಫ್ ಟರ್ನರ್ ತಾತ

ಫಿಟ್ಟರ್ ಕೈ ಅಂದ್ರೆ ಇದು. ಸಂತೋಷ ಆಯ್ತು. ಆ ಬಲಗಡೆ ಹ್ಯಾಂಡಲ್ ರಾಪಿಡ್ಡಿನಲ್ಲಿ ನಿಮಿಷಕ್ಕೆ 200 ಸುತ್ತು ಹೊಡೆಯುತ್ತೆ, ಶರ್ಟಿನ ತೋಳು, ಜೇಬು ಎಲ್ಲ ಹಿಡ್ಕೊಳ್ಳುತ್ತೆ. ಹಿಡಿ ಮಡಚೋ ಹಾಗೆ ಇರಲಿ, ಇಲ್ಲಾ ಬಿಚ್ಚಿಡಿ.

ಇನ್ನು ಕಟ್ಟಿನ ದಿಕ್ಕು. ಕಾಲು ಮಿ.ಮೀ. ಪ್ಲೇ ಇದೆ ಅಂದ್ರಿ. ಕೈಯಲ್ಲಿ ತಿರುಗಿಸೋವಾಗ ಡೌನ್ ಮಿಲ್ಲಿಂಗ್ (ಜಾಬ್ ಹೋಗೋ ಕಡೆಗೇ ಕಟ್ಟರ್ ಹಲ್ಲು ತಿರುಗೋದು) ಹೊಡೆದ್ರೂ ಕಟ್ಟರ್ ಟೇಬಲ್ಲನ್ನ ಎಳೆದುಕೊಳ್ಳೋದು ಅಂಗೈಗೆ ಗೊತ್ತಾಗುತ್ತೆ, ನೀವು ತಡೀತೀರ. ಮೋಟಾರಿಗೆ ಅಂಗೈ ಇಲ್ಲ. ಪ್ಲೇ ಇರೋಷ್ಟು ದೂರ ಕಟ್ಟರ್ ಒಮ್ಮೆಲೇ ಎಳೆದುಕೊಳ್ಳುತ್ತೆ, 0.02 ಕೊಡಬೇಕಾದ ಹಲ್ಲಿಗೆ 0.25 ಬೀಳುತ್ತೆ. ಹಾಗಾಗಿ ಸೈಡ್ ಕಟ್ಟಿಗೆ ಪವರ್ ಫೀಡಲ್ಲಿ ಯಾವಾಗಲೂ ಅಪ್ ಮಿಲ್ಲಿಂಗ್, ಅಂದ್ರೆ ಹಲ್ಲು ಜಾಬಿಗೆ ಎದುರಾಗಿ ತಿರುಗೋದು. ಡೌನ್ ಮಿಲ್ಲಿಂಗ್‌ನಲ್ಲಿ ಫಿನಿಶ್ ಚೆನ್ನಾಗಿ ಬರುತ್ತೆ ಅನ್ನೋದು ನಿಜ. ಕೊನೇ ಒಂದು ಕೂದಲೆಳೆಯಷ್ಟು ತೆಗೆಯೋವಾಗ ಗಿಬ್ ಬಿಗಿ ಮಾಡಿ ಕೈಯಲ್ಲೇ ಹೊಡೀರಿ. ಪೂರ್ತಿ ಅಗಲದ ಸ್ಲಾಟಿನಲ್ಲಿ ಒಂದು ಗೋಡೆ ಅಪ್, ಇನ್ನೊಂದು ಡೌನ್, ಅಲ್ಲಿ ಆಯ್ಕೆ ಇಲ್ಲ. ಆಳ ಕಡಿಮೆ ಕೊಡಿ.

ವೈ (ಅಡ್ಡ ಓಡಾಟ) ಲಾಕ್ ಬಿಗಿ ಮಾಡಿ, ಎಕ್ಸ್ (ಉದ್ದ ಓಡಾಟ) ಲಾಕ್ ಬಿಟ್ಟಿದೆಯಾ ನೋಡಿ. ಈ ಎರಡು ಮರೆತು ಫೀಡ್ ಹಾಕೋರನ್ನ ನಾನು ಜೀವಮಾನವೆಲ್ಲ ನೋಡಿದ್ದೀನಿ.

ಗೌರಿಬಿದನೂರು ಐಟಿಐ

ಎಂಡ್‌ನಲ್ಲಿ ನಿಲ್ಲಿಸೋಕೆ? ಪ್ರಾಕ್ಸಿಮಿಟಿ ಸೆನ್ಸರ್ ಹಾಕಬಹುದಾ?

ಮಾಲೂರು ಪಲ್ಸ್

ಬೇಡಪ್ಪ. ಇಂಡಕ್ಟಿವ್ ಪ್ರಾಕ್ಸಿಮಿಟಿಗೆ ಕಬ್ಬಿಣದ ಚಿಪ್ಸು ಮುಖದ ಮೇಲೆ ಕೂತ್ರೂ ಸಾಕು, ಸ್ಟಾಪ್ ಬ್ಲಾಕ್ ಬಂತು ಅಂತ ನಿಲ್ಲಿಸಿಬಿಡುತ್ತೆ. ರೋಲರ್ ಇರೋ ಮುಚ್ಚಿದ ಲಿಮಿಟ್ ಸ್ವಿಚ್ಚು, ಎನ್‌ಸಿ (ಒತ್ತದಿದ್ದಾಗ ಮುಚ್ಚಿರೋ) ಕಾಂಟ್ಯಾಕ್ಟು. ಟೇಬಲ್ಲಿನ ಮುಂದಿನ ಟಿ-ಸ್ಲಾಟಿಗೆ ಎರಡು ಸ್ಟಾಪ್ ಬ್ಲಾಕ್ ಹಾಕಿ, ಜಾಬಿಗೆ ತಕ್ಕ ಹಾಗೆ ಸರಿಸ್ಕೊಳ್ಳಿ.

ಡಿಸಿ ಮೋಟಾರ್ ಹಾಕೋರಿಗೆ ಒಂದು ಹಳೇ ಉಪಾಯ. ಎರಡೂ ಲಿಮಿಟ್ ಸ್ವಿಚ್ಚು ಮೋಟಾರಿನ ಸೀರೀಸ್‌ನಲ್ಲಿರಲಿ, ಪ್ರತಿ ಸ್ವಿಚ್ಚಿಗೆ ಅಡ್ಡಲಾಗಿ ಒಂದು ಡಯೋಡ್, ಒಂದರ ದಿಕ್ಕು ಇನ್ನೊಂದಕ್ಕೆ ಉಲ್ಟಾ. ಸ್ವಿಚ್ ಬಿಟ್ಟಾಗ ಆ ಕಡೆ ಹೋಗೋ ಕರೆಂಟ್ ಕಟ್, ವಾಪಸ್ ಬರೋ ಕರೆಂಟ್ ಡಯೋಡ್ ಮೂಲಕ ಹರಿಯುತ್ತೆ. ಮೈಕ್ರೋಕಂಟ್ರೋಲರ್ ಇಲ್ಲದೆ ಕೆಲಸ ಮುಗೀತು. ಡಯೋಡ್ 10 ಆಂಪಿಯರಿಂದು ತಗೊಳ್ಳಿ, ಸಣ್ಣದು ಹಾಕಿದ್ರೆ ಹೊಗೆ ಬರುತ್ತೆ.

ಗುಜರಿ ಗುರು

ನೋಡಿದ್ರಾ, ಕೊನೆಗೆ ವೈಪರಿಗೂ ಒಂದು ಒಳ್ಳೇ ಮಾತು ಬಂತು. ಸರಿ, ನಂದೂ ಒಂದು ಪ್ರಾಮಾಣಿಕ ಮಾತು: ಟೇಬಲ್ ತುದಿಗೆ ಹೋಗಿ ಗುದ್ದಿದ್ರೆ ಸ್ಟೆಪ್ಪರ್ ಸ್ಟೆಪ್ ಬಿಟ್ಟು ಸುಮ್ಮನಾಗುತ್ತೆ. ವೈಪರ್ ಬಿಡಲ್ಲ, ವರ್ಮ್ ಗೇರಿನ ಪ್ಲಾಸ್ಟಿಕ್ ಹಲ್ಲು ಹೋಗೋವರೆಗೂ ತಳ್ಳುತ್ತೆ. ಲಿಮಿಟ್ ಸ್ವಿಚ್ ಇಲ್ಲದೆ ವೈಪರ್ ಹಾಕಬೇಡಿ, ಫ್ಯೂಸೂ ಇರಲಿ.

ಹಿರೇಹಳ್ಳಿ ವರ್ಕ್‌ಶಾಪ್

ಅಪ್‌ಡೇಟ್ ಕೊಡ್ತಿದ್ದೀನಿ. 19 ಕೆ.ಜಿ.-ಸೆಂ.ಮೀ. ಸ್ಟೆಪ್ಪರ್, 20:40 ಬೆಲ್ಟು, 36 ವೋಲ್ಟು, ಫಿಟ್ಟರ್ ಅಣ್ಣನ ಡಾಗ್ ಕ್ಲಚ್ಚು. ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಬೆಂಗಳೂರಿನ ಎಸ್.ಪಿ. ರೋಡಿಂದ ತಂದೆ, ಪ್ಲೇಟು ಶಾಫ್ಟು ಎಲ್ಲ ಇಲ್ಲೇ ಆಯ್ತು. ಮುಂದೆ-ನಿಲ್ಲು-ಹಿಂದೆಗೆ ಮೂರು ಸ್ಥಾನದ ಸ್ವಿಚ್ಚು. ಪವರ್ ಬಂದಾಗ ಅದು ಮಧ್ಯದಲ್ಲಿ ಇಲ್ಲದಿದ್ರೆ ಒಮ್ಮೆ ಮಧ್ಯಕ್ಕೆ ತರೋವರೆಗೂ ಕೋಡ್ ಏನೂ ಓಡಿಸಲ್ಲ. ವಿಎಫ್‌ಡಿ ರಿಲೇ ಪಲ್ಸಿನ 5 ವೋಲ್ಟಿಗೆ ಕೊಟ್ಟಿದ್ದೀನಿ. ಕಟ್ ನಡೀತಿರೋವಾಗ ಬೇಕಂತಲೇ ವಿಎಫ್‌ಡಿಗೆ ಸ್ಟಾಪ್ ಒತ್ತಿ ನೋಡಿದೆ. ಸ್ಪಿಂಡಲ್ ಇಳಿಯೋಕೆ ಶುರುವಾದಾಗಲೇ ಟೇಬಲ್ ನಿಂತಿತ್ತು, ಕಟ್ಟರ್ ತನ್ನ ಜಾಗದಲ್ಲೇ ತಿರುಗಿ ನಿಂತ್ಕೊಳ್ತು.

ಸ್ಲಾಟು 80 ಮಿ.ಮೀ./ನಿಮಿಷದಲ್ಲಿ ಹೊಡೀತಿದ್ದೀನಿ. ಅಡ್ಡಗೆರೆ ಹೋಯ್ತು, ಈ ತುದಿಯಿಂದ ಆ ತುದಿವರೆಗೆ ಒಂದೇ ಸಮ.

ಶಿರಾ ರೋಡ್ ಫಿಟ್ಟರ್

ರಾಪಿಡ್ ಓಡ್ತಿರೋವಾಗ ಸ್ಲೀವ್ ಸೇರಿಸಬೇಡಿ, ಪಿನ್ನಿಗೆ ಏಟು. ನಿಲ್ಲಿಸಿ ಸೇರಿಸಿ. ಎರಡೇ ಪಿನ್ ಇರೋದ್ರಿಂದ ಜಾಸ್ತಿ ಅಂದ್ರೆ ಅರ್ಧ ಸುತ್ತು ಕಾಯಬೇಕು, ಅಷ್ಟೇ.

ಗೌರಿಬಿದನೂರು ಐಟಿಐ

ಇದೇ ಸೆಟ್ಟಪ್ಪನ್ನ ಝಡ್‌ಗೂ, ಅಂದ್ರೆ ಹೆಡ್ ಮೇಲೆ-ಕೆಳಗೆ ಮಾಡೋಕೂ ಹಾಕಬಹುದಾ ಸಾರ್?

ಮಾಲೂರು ಪಲ್ಸ್

ಅದು ಬೇರೆ ಲೆಕ್ಕ. ಹೆಡ್ಡಿನ ತೂಕ ಯಾವಾಗಲೂ ಕೆಳಗೆ ಎಳೀತಿರುತ್ತೆ, ಸ್ಟೆಪ್ ಬಿಟ್ರೆ ಟೂಲ್ ಜಾಬಿನೊಳಗೆ ಹೋಗುತ್ತೆ. ಮೊದಲು ಗ್ಯಾಸ್ ಸ್ಪ್ರಿಂಗೋ ಕೌಂಟರ್ ವೇಟೋ ಹಾಕಿ ತೂಕ ಸಮ ಮಾಡ್ಕೋಬೇಕು. ನಿಮ್ಮ ಮಷೀನಿನ ಹೆಡ್ ಎಷ್ಟು ತೂಕ, ಸ್ಕ್ರೂ ಎಷ್ಟರದ್ದು ಅಂತ ಹೊಸ ಚರ್ಚೆ ಶುರು ಮಾಡಿ ಹಾಕಪ್ಪ, ಅಲ್ಲಿ ಲೆಕ್ಕ ಮಾಡೋಣ.